ಮಾರ್ಸಿಯಸ್‌ನ ಚರ್ಮ

ರಕ್ಷಿತಾ ಹಂಚಿನಮನಿಗೆ ಕೋಪ ಬಂದರೆ ಮೊದಲು ದವಡೆ ಬಿಗಿಯುತ್ತದೆ. ಬೇರೆಯವರಿಗೆ ಅದು ದೊಡ್ಡ ಮಾತಲ್ಲ. ಆದರೆ ಅವಳು ಓಬೋ ನುಡಿಸುವವಳು. ಓಬೋ ಎಂದರೆ ಪಾಶ್ಚಾತ್ಯ ವಾದ್ಯವೃಂದದಲ್ಲಿ ನಡುಮಧ್ಯೆ ಕೂರುವ ಕಪ್ಪು ಊದುವಾದ್ಯ, ನಮ್ಮ ಶಹನಾಯಿಗೆ ದೂರದ ದಾಯಾದಿ. ಎರಡು ತೆಳು ಜೊಂಡಿನ ಪದರಗಳನ್ನು ತುಟಿಗಳ ನಡುವೆ ಹಿಡಿದು ಉಸಿರು ತೂರಿಸಬೇಕು. ದವಡೆ ಬಿಗಿದರೆ ಸ್ವರ ಹೋಯಿತು. 2020ರಿಂದ ಈಚೆಗೆ ಅವಳ ದವಡೆ ಪೂರ್ತಿ ಸಡಿಲವಾದದ್ದನ್ನು ತಾನು ಕಂಡಿಲ್ಲ ಎಂದು ಅವಳ ತಾಯಿ ಶಂಕ್ರವ್ವ ಹೇಳುತ್ತಾರೆ.

ಹಂಚಿನಮನಿಯವರು ಹುಬ್ಬಳ್ಳಿ ಕಡೆಯವರು. ತಂದೆ ಗುರುಬಸಪ್ಪ ಸೇತುವೆಗಳ ಎಂಜಿನಿಯರು. ಅವರು ಅಮೆರಿಕದ ಸ್ಯಾನ್ ಡಿಯಾಗೋಗೆ ಬಂದು ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯಲ್ಲಿ ಮನೆ ಮಾಡಿದಾಗ ರಕ್ಷಿತಾಳಿಗೆ ಹನ್ನೊಂದು ವರ್ಷ. ನಾನಿರುವುದು ಅವರಿಂದ ಎರಡು ಬೀದಿ ಆಚೆಗೆ, ಹಾಗಾಗಿ ಆ ಹುಡುಗಿ ಬೆಳೆದದ್ದೆಲ್ಲ ನನ್ನ ಕಣ್ಣೆದುರಿಗೇ. ಶಾಲೆಯ ಬ್ಯಾಂಡಿಗೆ ಅವಳು ಸೇರಿದ್ದು ತಡವಾಗಿ. ಕೊಳಲು, ಟ್ರಂಪೆಟ್, ಡ್ರಮ್ ಎಲ್ಲ ಅಷ್ಟರಲ್ಲಿ ಹಂಚಿಹೋಗಿ, ಯಾರಿಗೂ ಬೇಡವಾದ ಓಬೋ ಒಂದೇ ಉಳಿದಿತ್ತು. ಬೇಡ ಎನ್ನಲು ಬೇಕಾದಷ್ಟು ಇಂಗ್ಲಿಷ್ ಆಗಿನ್ನೂ ಬಾರದ ಹುಡುಗಿ ಅದನ್ನೇ ಮನೆಗೆ ತಂದಳು. ಮೊದಮೊದಲು ಬಾತುಕೋಳಿಯನ್ನು ಹಿಸುಕಿದಂಥ ಸದ್ದು ಬರುತ್ತಿತ್ತು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಏನೆಂದು ವಿಚಾರಿಸಿದ್ದರು. ಕಾಲೇಜಿನ ಹೊತ್ತಿಗೆ ಅದೇ ಸದ್ದು ಎದೆಗೆ ನಾಟುವ ಹಾಗಾಗಿತ್ತು. ಆಮೇಲೆ ಲಾಸ್ ಏಂಜಲೀಸಿಗೆ ಹೋದಳು. ಅಲ್ಲಿಯ ಚಾಟ್ಸ್‌ವರ್ತ್ ಬಡಾವಣೆಯಲ್ಲಿ ಗೋದಾಮುಗಳ ಹಿಂದಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು, ಊರೆಲ್ಲ ಕಾರು ಓಡಿಸಿಕೊಂಡು, ಬ್ಯಾಲೆಗೆ, ಆಪೆರಾಗೆ, ಸಂಗೀತ ನಾಟಕಗಳಿಗೆ ವೇದಿಕೆಯ ಮುಂದಿನ ತಗ್ಗಿನಲ್ಲಿ ಕುಳಿತು ನುಡಿಸುತ್ತಿದ್ದಳು. ಪ್ರೇಕ್ಷಕರಿಗೆ ಅವಳ ತಲೆಯೂ ಕಾಣುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೇನೂ ದೂರಿರಲಿಲ್ಲ.

ಕೋವಿಡ್ ಬಂತು, ರಂಗಮಂದಿರಗಳು ಮುಚ್ಚಿದವು. ಅದು ಎಲ್ಲರಿಗೂ ಆದದ್ದು. ಅವಳನ್ನು ಸುಟ್ಟದ್ದು ಆಮೇಲಿನ ಸಂಗತಿ. ಅವಳು ನುಡಿಸುತ್ತಿದ್ದ ಒಂದು ವಾದ್ಯವೃಂದ ಬಯಲಿನಲ್ಲಿ ಕಛೇರಿ ಮತ್ತೆ ಶುರುಮಾಡಿತು. ಪಿಟೀಲಿನವರು, ಚೆಲ್ಲೋದವರು ಮಾಸ್ಕ್ ಹಾಕಿಕೊಂಡು ಬರಬಹುದು, ಊದುವವರು ಸದ್ಯಕ್ಕೆ ಬೇಡ ಎಂದು ಇಮೇಲ್ ಬಂತು. ಹತ್ತು ವರ್ಷ ಪಕ್ಕದಲ್ಲಿ ಕುಳಿತವರು ಫೇಸ್‌ಬುಕ್‌ನಲ್ಲಿ ‘ಸಂಗೀತ ಮರಳಿ ಬಂತು’ ಎಂದು ಫೋಟೋ ಹಾಕಿದರು. ಊದುವವರ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಅವಳು ಚಾಟ್ಸ್‌ವರ್ತ್‌ನ ಮನೆ ಬಿಟ್ಟು ತಂದೆತಾಯಿಯ ಮನೆಗೆ ಬಂದಳು. ಬಂದವಳೇ ಬ್ಯಾಗು ನೆಲಕ್ಕೆ ಎಸೆದು, “ನಮ್ಮ ಉಸಿರ ವಿಷ ಅಂತ ಅವ್ವಾ. ಅವರ ಕೈ ಮಾತ್ರ ಸಂಗೀತ ಅಂತ,” ಅಂದಳು. ರೋಗದ ಭಯದಲ್ಲಿ ಹಾಗೆ ಮಾಡಿದರೆಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ತಮ್ಮನ್ನು ಬಿಟ್ಟು ಅಷ್ಟು ಸುಲಭವಾಗಿ ಮುಂದೆ ಹೋದರಲ್ಲ ಎಂಬುದು ಅವಳ ಕೋಪ.

ಆ ದಿನಗಳಲ್ಲಿ ಅವಳು ಒಂದು ಗ್ರೀಕ್ ಕತೆ ಓದಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿಗೆ ಹೇಳಿದಳು. ಅಥೀನಾ ಎಂಬ ದೇವತೆ ಒಂದು ಜೋಡಿಕೊಳಲು ಮಾಡಿಕೊಂಡಳು. ಊದುವಾಗ ಕೆನ್ನೆ ಉಬ್ಬಿ ಮುಖ ವಿಕಾರವಾಗುತ್ತದೆಂದು ಅದನ್ನು ಬಿಸಾಡಿದಳು. ಕಾಡಿನಲ್ಲಿರುವ ಮಾರ್ಸಿಯಸ್, ಅರ್ಧ ಮನುಷ್ಯ, ಅರ್ಧ ಮೃಗ, ಅದನ್ನು ಹೆಕ್ಕಿಕೊಂಡು ತಾನೇ ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ ಸಂಗೀತದ ದೇವರಾದ ಅಪೊಲೋನನ್ನೇ ಪಂದ್ಯಕ್ಕೆ ಕರೆದ. ಗೆದ್ದವನು ಸೋತವನನ್ನು ಏನು ಬೇಕಾದರೂ ಮಾಡಬಹುದೆಂದು ಕರಾರಾಯಿತು. ಮೊದಲ ಸುತ್ತಿನಲ್ಲಿ ಇಬ್ಬರೂ ಸಮ. ಆಗ ಅಪೊಲೋ ತನ್ನ ತಂತಿವಾದ್ಯವನ್ನು ತಲೆಕೆಳಗೆ ಹಿಡಿದು ನುಡಿಸಿ, “ಈಗ ನೀನೂ ಹೀಗೆ ಮಾಡು” ಎಂದ. ಕೊಳಲನ್ನು ತಲೆಕೆಳಗೆ ಊದಲಾದೀತೇ? ಮಾರ್ಸಿಯಸ್ ಸೋತ. ಅಪೊಲೋ ಅವನನ್ನು ಮರಕ್ಕೆ ಕಟ್ಟಿ, ಜೀವ ಇರುವಾಗಲೇ ಚರ್ಮ ಸುಲಿದ.

ಶಂಕ್ರವ್ವನ ಕೈ ಹಿಟ್ಟಿನ ಮೇಲೆ ನಿಂತಿತು. “ಗೆದ್ದಾನಲ್ಲ, ಅಲ್ಲಿಗಿ ಮುಗೀತಲ್ಲ. ಗೆದ್ದಮ್ಯಾಲ ಚರ್ಮ ಯಾಕ ಸುಲೀಬೇಕು?”

“ಅದಕ ಉತ್ತರ ಇಲ್ಲವ್ವ.”

“ಅವನ ದೇವರತನಕ್ಕ ಬೆಂಕಿ ಹಚ್ಚಲಿ,” ಎಂದು ಶಂಕ್ರವ್ವ ರೊಟ್ಟಿಯನ್ನು ಹಂಚಿಗೆ ಹಾಕಿದರು.

ರಕ್ಷಿತಾ ಗ್ಯಾರೇಜಿನಲ್ಲಿ ಒಂದು ಮೇಜು, ಕೀಬೋರ್ಡು, ಕಂಪ್ಯೂಟರು ಇಟ್ಟುಕೊಂಡು ಬರೆಯತೊಡಗಿದಳು. ಕಾಲೇಜಿನಲ್ಲಿ ಸಂಗೀತ ರಚನೆ ಕಲಿತಿದ್ದಳು, ಆದರೆ ಇಷ್ಟು ದೊಡ್ಡದನ್ನು ಹಿಂದೆಂದೂ ಬರೆದಿರಲಿಲ್ಲ. ಪೂರ್ಣ ವಾದ್ಯವೃಂದಕ್ಕೆ, ಒಂದು ಸಂಜೆಯ ಬ್ಯಾಲೆಗೆ ಸಾಕಾಗುವಷ್ಟು ಸಂಗೀತ. ಅಪೊಲೋನಿಗೆ ಹಾರ್ಪ್ ಎಂಬ ತಂತಿವಾದ್ಯ, ಮೆದುವಾದ ಪಿಟೀಲುಗಳು. ಎಲ್ಲವೂ ಚೊಕ್ಕ, ಎಲ್ಲವೂ ಸುಂದರ. ಮಾರ್ಸಿಯಸ್‌ಗೆ ಓಬೋ. ಮೊದಲ ದೃಶ್ಯದಲ್ಲಿ ಓಬೋ ತಡವರಿಸುತ್ತದೆ, ಅಪಸ್ವರ ಹಿಡಿಯುತ್ತದೆ, ನಿಧಾನವಾಗಿ ಒಂದು ಹಾಡು ಕಲಿಯುತ್ತದೆ. ಕೊನೆಯ ದೃಶ್ಯ ಚರ್ಮ ಸುಲಿಯುವುದು. ಪಿಟೀಲಿನವರು ಕಮಾನನ್ನು ತಂತಿಗೆ ಒತ್ತಿ ಉಜ್ಜುತ್ತಾರೆ. ಓಬೋದ ಜೊತೆಗಿದ್ದ ವಾದ್ಯಗಳು ಒಂದೊಂದಾಗಿ ಕೈಬಿಡುತ್ತವೆ. ಕೊನೆಗೆ ಓಬೋದವಳು ವಾದ್ಯವನ್ನು ಮಡಿಲಿಗಿಟ್ಟು, ಜೊಂಡನ್ನು ಮಾತ್ರ ಬಾಯಲ್ಲಿ ಹಿಡಿದು ಊದಬೇಕು. ಬರುವುದು ಸ್ವರವಲ್ಲ, ಕಿರುಚು. ಗ್ಯಾರೇಜಿನಿಂದ ಅದು ಮೊದಲ ಸಲ ಕೇಳಿಸಿದಾಗ ಗುರುಬಸಪ್ಪ ಓಡಿ ಬಂದು, “ಏನಾತು? ಕೈ ಕೊಯ್ಕೊಂಡ್ಯಾ?” ಎಂದರಂತೆ.

ಅವಳು ಬರೆದು ಮುಗಿಸುವಷ್ಟರಲ್ಲಿ ರಂಗಮಂದಿರಗಳೂ ತೆರೆದಿದ್ದವು, ಕೆಲಸವೂ ಮರಳಿ ಸಿಕ್ಕಿ ಅವಳು ಚಾಟ್ಸ್‌ವರ್ತ್‌ನಲ್ಲಿ ಮತ್ತೆ ಮನೆ ಮಾಡಿದ್ದಳು. ನಮ್ಮ ಕನ್ನಡ ಸಂಘದಲ್ಲಿ ಗೋಪಿನಾಥ್ ಎಂಬ ಹಿರಿಯರಿದ್ದಾರೆ. ಬೆಂಗಳೂರಿನವರು, ಟೆಲಿಕಾಂ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮಗಳು ವಂದನಾ ಚಿಕ್ಕವಳಿದ್ದಾಗ ಬ್ಯಾಲೆ ಕಲಿಯುತ್ತಿದ್ದ ಕಾರಣ ಲಾಸ್ ಏಂಜಲೀಸಿನ ಒಂದು ಬ್ಯಾಲೆ ಕಂಪನಿಗೆ ನೆರವು ಕೊಡುತ್ತ, ಅದರ ಆಡಳಿತ ಮಂಡಳಿ ಸೇರಿದ್ದರು. ಕೆಟ್ಟ ಮನುಷ್ಯರೆಂದು ಯಾರೂ ಹೇಳಲಾರರು. ಗುರುಬಸಪ್ಪನವರಿಗೆ ಬೈಪಾಸ್ ಆದಾಗ ಆಸ್ಪತ್ರೆಗೆ ದಿನಾ ಬಂದು ಕೂತವರು ಅವರೇ. ರಕ್ಷಿತಾ ಬ್ಯಾಲೆ ಬರೆದಿದ್ದಾಳೆಂದು ತಿಳಿದು, ಕಂಪನಿಯ ನಿರ್ದೇಶಕಿ ಮೆರೆಡಿತ್‌ಳನ್ನು ಭೇಟಿ ಮಾಡಿಸಿದರು. ಮೆರೆಡಿತ್ ಒಪ್ಪಿದಳು. ಬರೆದವಳ ಒಪ್ಪಿಗೆಯಿಲ್ಲದೆ ಸಂಗೀತದಲ್ಲಿ ಏನನ್ನೂ ಬದಲಾಯಿಸುವಂತಿಲ್ಲ ಎಂದು ಕರಾರು ಆಯಿತು. ಅದೊಂದನ್ನು ರಕ್ಷಿತಾ ಹಟ ಹಿಡಿದು ಬರೆಸಿಕೊಂಡಿದ್ದಳು.

2023ರಲ್ಲಿ ಚಾಟ್ಸ್‌ವರ್ತ್‌ನ ಒಂದು ಹಳೆಯ ಗೋದಾಮಿನಲ್ಲಿ ಅಭ್ಯಾಸ ಶುರುವಾಯಿತು. ಮಾರ್ಸಿಯಸ್‌ನ ಪಾತ್ರಕ್ಕೆ ಎಮಿಲಿಯೊ ಎಂಬ ನರ್ತಕ. ಪೂರ್ವ ಲಾಸ್ ಏಂಜಲೀಸಿನ ಹುಡುಗ, ಗಿಡ್ಡ, ಗಟ್ಟಿ ಕಾಲು. ರಾಜಕುಮಾರನ ಪಾತ್ರ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ. ಕೊನೆಯ ದೃಶ್ಯವನ್ನು ಅವನು ಮೊದಲ ಸಲ ಕುಣಿದು ನೆಲಕ್ಕೆ ಬಿದ್ದಾಗ ಪಿಯಾನೋ ನುಡಿಸುತ್ತಿದ್ದವನು ಮುಂದಿನ ಪುಟ ತಿರುಗಿಸುವುದನ್ನೇ ಮರೆತಿದ್ದ. ರಕ್ಷಿತಾ ಆ ವಾರ ಮನೆಗೆ ಫೋನ್ ಮಾಡಿ ಬರೀ ನಕ್ಕಳೆಂದು ಶಂಕ್ರವ್ವ ನನಗೆ ಹೇಳಿದ್ದರು.

ದೀಪಾವಳಿಗೆ ಗೋಪಿನಾಥರ ಮನೆಯಲ್ಲಿ ಊಟವಿತ್ತು. ನಾನೂ ಹೋಗಿದ್ದೆ. ಹೋಳಿಗೆ ಬಡಿಸುವಾಗ ಗೋಪಿನಾಥ್ ಮಾತು ತೆಗೆದರು.

“ನೋಡಮ್ಮ ರಕ್ಷಿತಾ, ಗ್ರೀಕ್ ಕತೆ, ಸರಿ. ಆದ್ರೆ ಬರೆದಿರೋಳು ನಮ್ಮ ಹುಡುಗಿ ಅಂತ ಕೇಳಿದೋರಿಗೆ ಗೊತ್ತಾಗ್ಬೇಕಲ್ವಾ? ಎಲ್ಲಾದ್ರೂ ಒಂದು ಕಡೆ ಸಿತಾರ್ ಬರ್ಲಿ. ನಮ್ಮ ಕಲ್ಚರ್ ಸ್ವಲ್ಪ ಕಾಣ್ಬೇಕು. ಮೆರೆಡಿತ್‌ಗೂ ಆ ಐಡಿಯಾ ತುಂಬಾ ಇಷ್ಟ ಆಗಿದೆ.”

“ಅಂಕಲ್, ನನಗ ಸಿತಾರ್ ಬರಂಗಿಲ್ಲ. ಸಣ್ಣಾಕಿ ಇದ್ದಾಗಿಂದ ಓಬೋ ನುಡಸ್ತೀನಿ. ನನಗ ಏನು ಬರ್ತದ ಅದನ್ನ ಬರದೀನಿ.”

“ಇನ್ನೊಂದು. ಕೊನೇ ಸೀನು. ದೇಣಿಗೆ ಕೊಟ್ಟು ಗಾಲಾ ಊಟ ಮುಗಿಸಿ ಬಂದಿರೋ ಜನ, ಚರ್ಮ ಸುಲಿಯೋದನ್ನ ನೋಡ್ತಾರಾ? ಇಬ್ಬರೂ ರಾಜಿ ಆಗ್ಲಿ. ಕೋವಿಡ್ ಆದ್ಮೇಲೆ ಜನಕ್ಕೆ ನೆಮ್ಮದಿ ಬೇಕಾಗಿದೆ.”

ರಕ್ಷಿತಾ ತಟ್ಟೆ ಕೆಳಗಿಟ್ಟಳು. “ರಾಜಿ ಯಾರ್ ಜೋಡಿ ಅಂಕಲ್? ಸುಲಿದಾವ ಇನ್ನೂ ಚಾಕು ಕೆಳಗ ಇಟ್ಟಿಲ್ಲ, ಸುಲಿಸಿಕೊಂಡಾವ ಹೋಗಿ ಅಪ್ಕೋಬೇಕಂತ?”

ಗುರುಬಸಪ್ಪ ಮಗಳ ಮೊಣಕೈ ಮುಟ್ಟಿ, “ದೊಡ್ಡಾವ್ರ ಮುಂದ ಹಂಗ ಮಾತಾಡಬ್ಯಾಡ,” ಎಂದರು. ಗೋಪಿನಾಥ್ ನಕ್ಕು, “ಇರ್ಲಿ ಬಿಡಿ, ಕಲಾವಿದೆ. ನಿಧಾನವಾಗಿ ಯೋಚ್ನೆ ಮಾಡಮ್ಮ,” ಎಂದು ತುಪ್ಪ ಬಡಿಸಲು ಹೇಳಿದರು. ಅವಳು ಇಲ್ಲ ಎಂದದ್ದನ್ನು ಅವರು ಇಲ್ಲ ಎಂದು ಕೇಳಿಸಿಕೊಳ್ಳಲೇ ಇಲ್ಲವೆಂದು ನನಗೆ ಅವತ್ತೇ ಅನ್ನಿಸಿತ್ತು.

2024ರ ವಸಂತದಲ್ಲಿ ಪ್ರದರ್ಶನ ನಿಗದಿಯಾಯಿತು. ಓಬೋ ನುಡಿಸಲು ರಕ್ಷಿತಾಳನ್ನೇ ಕರೆದಿದ್ದರು. ವೇಷಭೂಷಣದೊಂದಿಗೆ ಕೊನೆಯ ಅಭ್ಯಾಸದ ದಿನ ಬೆಳಿಗ್ಗೆ ಅವಳು ತನ್ನ ಜಾಗಕ್ಕೆ ಬಂದು ನೋಡಿದರೆ, ಕೊನೆಯ ದೃಶ್ಯದ ಹಾಳೆಗಳನ್ನು ಕ್ಲಿಪ್ ಹಾಕಿ ಮುಚ್ಚಿದ್ದರು. ಅದರ ಮೇಲೆ, ‘ಮೊದಲ ದೃಶ್ಯದ ಹಾಡಿಗೆ ಹಿಂತಿರುಗಿ’ ಎಂಬ ಚೀಟಿ. ಏನೋ ತಪ್ಪಾಗಿರಬೇಕೆಂದು ಅವಳು ಅಂದುಕೊಂಡಳು. ಕೇಳುವಷ್ಟರಲ್ಲಿ ವಾದ್ಯವೃಂದವನ್ನು ನಡೆಸುವ ನಿರ್ದೇಶಕ ಕೋಲು ಎತ್ತಿಯಾಗಿತ್ತು.

ಪಂದ್ಯದ ದೃಶ್ಯ ಮುಗಿಯಿತು. ಕೂಡಲೇ ಸ್ಪೀಕರುಗಳಿಂದ ತಂಬೂರಿಯ ಶ್ರುತಿ, ಅದರ ಮೇಲೆ ಸಿತಾರ್. ಮೇಲೆ ವೇದಿಕೆಯಲ್ಲಿ ಅಪೊಲೋ ಕೈ ಚಾಚಿದ. ಮಾರ್ಸಿಯಸ್ ಆ ಕೈ ಹಿಡಿದು ಎದ್ದು ಅವನನ್ನು ತಬ್ಬಿಕೊಂಡ. ಪಿಟೀಲುಗಳು ಅವಳದೇ ಮೊದಲ ದೃಶ್ಯದ ಹಾಡನ್ನು ಜೇನಿನಂತೆ ಸುರಿದವು. ಓಬೋ ಸೇರಬೇಕಾದ ಜಾಗದಲ್ಲಿ ಓಬೋ ಬರಲಿಲ್ಲ. ರಕ್ಷಿತಾ ಎದ್ದು ನಿಂತಿದ್ದಳು.

“ನಿಲ್ಲಿಸಿ. ಇದು ನನ್ನದಲ್ಲ,” ಎಂದು ಇಂಗ್ಲಿಷಿನಲ್ಲಿ ಕೂಗಿದಳು.

ಕತ್ತಲ ಸಭಾಂಗಣದಿಂದ ಮೆರೆಡಿತ್‌ಳ ಮೈಕು ಮಾತಾಡಿತು. “ರಕ್ಷಿತಾ, ವಿರಾಮದಲ್ಲಿ ಮಾತಾಡೋಣ. ನಿನ್ನ ಒಂದು ಸ್ವರವನ್ನೂ ಬದಲಿಸಿಲ್ಲ. ಕೊನೆಯದನ್ನು ಬಿಟ್ಟು, ಮೊದಲಿನದನ್ನು ಇನ್ನೊಮ್ಮೆ ನುಡಿಸುತ್ತಿದ್ದೇವೆ, ಅಷ್ಟೇ.”

“ವಿರಾಮದಲ್ಲಿ ಅಲ್ಲ. ಈಗ.”

ಎಮಿಲಿಯೊ ವೇದಿಕೆಯ ಅಂಚಿಗೆ ಬಂದು ಕೆಳಗೆ ಬಗ್ಗಿದ. “ನೀನು ಒಪ್ಪಿದ್ದೀಯ ಅಂತ ನಮಗೆ ಹೇಳಿದರು,” ಎಂದ. ಅವನ ಮುಖದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಆ ಮಾತು ಕೇಳಿದ ಮೇಲೆ ಅವಳಲ್ಲಿ ಉಳಿದಿದ್ದ ಸ್ವಲ್ಪ ತಾಳ್ಮೆಯೂ ಹೋಯಿತು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೋಪಿನಾಥ್ ತಗ್ಗಿನ ಅಂಚಿನ ಕಟಕಟೆಯ ಹತ್ತಿರ ಬಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದರು. “ಸೀನ್ ಮಾಡ್ಬೇಡಮ್ಮ. ಎಲ್ರೂ ನೋಡ್ತಿದಾರೆ.”

“ನೋಡ್ಲಿ ಅಂಕಲ್, ನೋಡ್ಲಿ ಅಂತನ ಎದ್ದು ನಿಂತೀನಿ. ಈ ಸಿತಾರ್ ಯಾರದು?”

“ರೆಕಾರ್ಡಿಂಗು. ಯಾವ್ದೋ ಸೌಂಡ್ ಲೈಬ್ರರಿಯಿಂದ ತಗೊಂಡಿದ್ದು. ಒಂದು ನಿಮಿಷ ಬರತ್ತೆ ಅಷ್ಟೇ.”

“ನುಡಿಸಿದಾವನ ಹೆಸರೇನು?”

ಗೋಪಿನಾಥ್ ಮೆರೆಡಿತ್ ಇದ್ದ ಕಡೆ ತಿರುಗಿ ನೋಡಿದರು.

“ನಮ್ಮ ಕಲ್ಚರ್ ಅಂತೀರಿ, ನುಡಿಸಿದಾವನ ಹೆಸರ ಸೈತ ಗೊತ್ತಿಲ್ಲ ನಿಮಗ! ಅವನನ್ನೂ ಸುಲದೀರಿ, ನನ್ನನ್ನೂ ಸುಲದೀರಿ. ಮ್ಯಾಲೆ ಅಪ್ಕೊಂಡು ಕುಣೀರಿ ಅಂತೀರಿ!”

ಸುತ್ತ ಕುಳಿತಿದ್ದ ಅಮೆರಿಕದವರಿಗೆ ಒಂದು ಮಾತೂ ತಿಳಿಯದಿದ್ದರೂ ಯಾರೂ ಅಲುಗಲಿಲ್ಲವಂತೆ. ಬೇಕಾದರೆ ಅವಳ ಹೆಸರು ತೆಗೆದುಹಾಕಿ ಪ್ರದರ್ಶನ ನಡೆಸುತ್ತೇವೆಂದು ಮೆರೆಡಿತ್ ಹೇಳಿದಳು. ಹೆಸರಿನ ಜೊತೆಗೆ ಸಂಗೀತವನ್ನೂ ತೆಗೆಯಿರಿ ಎಂದು ರಕ್ಷಿತಾ ಹೇಳಿದಳು. ಓಬೋವನ್ನು ಒರೆಸಿ, ಬಿಚ್ಚಿ, ಪೆಟ್ಟಿಗೆಯಲ್ಲಿಟ್ಟು ಹೊರಗೆ ನಡೆದಳು. ಕರಾರು ಅವಳ ಕಡೆಗಿತ್ತು. ಮರುದಿನ ಕಂಪನಿಯ ವಕೀಲರೂ ಅದನ್ನೇ ಹೇಳಿದರು. ಪ್ರದರ್ಶನ ರದ್ದಾಯಿತು. ಅದರ ಜಾಗದಲ್ಲಿ ಧ್ವನಿಮುದ್ರಿತ ಸಂಗೀತ ಹಾಕಿಕೊಂಡು ಹಳೆಯ ಬ್ಯಾಲೆಯೊಂದನ್ನು ಆಡಿದರು.

ಪ್ರದರ್ಶನ ನಿಂತರೆ ವಾದ್ಯವೃಂದದವರಿಗೂ ಕೆಲಸವಿಲ್ಲ. ಇದು ಅವಳಿಗೆ ಹೊಳೆದದ್ದು ಹೊರಗೆ ನಡೆದ ಆ ದಿನವೇ, ಪಾರ್ಕಿಂಗ್ ಲಾಟಿನಲ್ಲಿ, ಲೂಪೆ ಎದುರಾದಾಗ. ಲೂಪೆ ಈ ಬ್ಯಾಲೆಗೆ ಬಸೂನ್ ಎಂಬ ದಪ್ಪ ದನಿಯ ಊದುವಾದ್ಯ ನುಡಿಸುತ್ತಿದ್ದವಳು, ಅವಳ ಹಳೆಯ ಗೆಳತಿ. ಕೋವಿಡ್‌ನಲ್ಲಿ ಊದುವವರನ್ನು ಹೊರಗಿಟ್ಟಾಗ ಇವಳ ಹಾಗೇ ಮನೆಯಲ್ಲಿ ಕೂತವಳು.

“ನಿನಗೆ ತಂದೆತಾಯಿಯ ಮನೆ ಇದೆ, ಹೋಗಿ ಇರುತ್ತೀಯ,” ಎಂದಳು ಲೂಪೆ. “ನಾನು ಎಲ್ಲಿ ಹೋಗಲಿ? ಇಲ್ಲಿಗೆ ಅಂತ ಬೇರೆ ಎರಡು ಕೆಲಸ ಬಿಟ್ಟು ಬಂದಿದ್ದೆ. ನಮ್ಮನ್ನು ಒಂದು ಮಾತು ಕೇಳಿದೆಯಾ?”

“ನನ್ನನ್ನು ಯಾರು ಕೇಳಿದರು?”

“ಅವರು ನಿನ್ನನ್ನು ಕೇಳಲಿಲ್ಲ, ನೀನು ನಮ್ಮನ್ನು ಕೇಳಲಿಲ್ಲ. ಏನು ವ್ಯತ್ಯಾಸ?”

ರಕ್ಷಿತಾಳಿಗೆ ಇನ್ನಷ್ಟು ಕೋಪ ಬಂತು. ಕಾರಿನ ಬಾಗಿಲನ್ನು ದಢಾರನೆ ಹಾಕಿಕೊಂಡು ಸ್ಯಾನ್ ಡಿಯಾಗೋವರೆಗೂ ಹಾಗೇ ಬಂದಳು.

ಮನೆಯಲ್ಲಿ ಗುರುಬಸಪ್ಪ ಕಾದು ಕೂತಿದ್ದರು. ಗೋಪಿನಾಥ್ ಆಗಲೇ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಬೇಜಾರಾಯಿತು ಎಂದು ಇಟ್ಟಿದ್ದರು.

“ನನ್ನ ಹಾಸಿಗಿ ಬಾಜೂಕ ಕೂತ ಮನಿಷ್ಯಾ ಅಂವಾ,” ಎಂದರು ಗುರುಬಸಪ್ಪ. “ನಾ ಇನ್ನ ಸಂಘದಾಗ ಮಾರಿ ಹೆಂಗ ತೋರಸ್ಲಿ? ಒಂದ್ ನಿಮಿಷದ ಸಿತಾರ್. ಆಕಾಶ ಕಳಚಿ ಬೀಳ್ತಿತ್ತೇನು?”

“ಅಪ್ಪಾಜಿ, ನೀವು ಬ್ರಿಜ್ ಡಿಸೈನ್ ಮಾಡಿರ್ತೀರಿ. ಯಾರೋ ಬಂದು ಛಲೋ ಕಾಣಸ್ತದ ಅಂತ ಕೊನೀ ಕಂಬ ತಗದ್ರ ಸುಮ್ನ ಇರ್ತೀರೇನು?”

“ಬ್ರಿಜ್ ಬಿದ್ರ ಜನ ಸಾಯ್ತಾರ. ಇದು ಕುಣಿತ!”

ಆ ಮಾತು ಅವಳಿಗೆ ಬಹಳ ನಾಟಿತು. ತಂದೆ ಮಗಳು ಎಷ್ಟೋ ವಾರ ನೇರ ಮಾತಾಡಲಿಲ್ಲ. ಊಟಕ್ಕೆ ಕರೆಯುವುದಿದ್ದರೂ ಶಂಕ್ರವ್ವನೇ ಇಬ್ಬರ ಮಧ್ಯೆ ಓಡಾಡಬೇಕಾಯಿತು. ಯುಗಾದಿಯ ಕಾರ್ಯಕ್ರಮಕ್ಕೆ ಮೂವರೂ ಬರಲಿಲ್ಲ. ಸಂಘದಲ್ಲಿ ಜನ ಎರಡು ಥರ ಮಾತಾಡಿಕೊಂಡರು. ಅಷ್ಟು ಅಹಂಕಾರ ಒಳ್ಳೆಯದಲ್ಲ ಎಂದವರು ಹೆಚ್ಚು. ನಮ್ಮ ಪುರಾಣ ಬಿಟ್ಟು ಗ್ರೀಕರ ಹಿಂದೆ ಹೋದರೆ ಹೀಗೇ ಆಗುವುದು ಎಂದವರೂ ಇದ್ದರು. ಲಾಸ್ ಏಂಜಲೀಸಿನಿಂದ ಕರೆಗಳು ಕಡಿಮೆಯಾದವು. ತಂಟೆಯವಳು ಎಂಬ ಹೆಸರು ಬಂದಿತ್ತು. ಅವಳು ಚಾಟ್ಸ್‌ವರ್ತ್‌ನ ಮನೆಯನ್ನು ಮತ್ತೆ ಬಿಟ್ಟು, ಇಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ಓಬೋ ಕಲಿಸತೊಡಗಿದಳು. ಅದೇ ವರ್ಷ ಮೆರೆಡಿತ್‌ಳಿಗೆ ಹೊಸ ಸಂಗೀತ ರಚನೆಕಾರರನ್ನು ಬೆಳೆಸಿದ್ದಕ್ಕಾಗಿ ಒಂದು ಸನ್ಮಾನ ಆಯಿತು. ಆ ಫೋಟೋವನ್ನು ರಕ್ಷಿತಾ ನನಗೆ ಫೋನಿನಲ್ಲಿ ತೋರಿಸಿದಳು.

ಎಮಿಲಿಯೊ ಮಾತ್ರ ಬಿಡಲಿಲ್ಲ. ಕಂಪನಿಯೊಂದಿಗಿನ ಅವನ ಒಪ್ಪಂದ ಮುಗಿದ ಕೂಡಲೇ ಕರೆ ಮಾಡಿ, ಕೊನೆಯ ದೃಶ್ಯ ತನ್ನ ಮೈಯಲ್ಲಿ ಹಾಗೇ ಇದೆ, ಎಲ್ಲಾದರೂ ಕುಣಿಯಬೇಕು ಎಂದ. ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿ ವಿದ್ಯಾರ್ಥಿಗಳು, ಸಂಶೋಧಕರು, ನಿವೃತ್ತರು ಸೇರಿ ನಡೆಸುವ ಒಂದು ಹವ್ಯಾಸಿ ವಾದ್ಯವೃಂದವಿದೆ. ರಕ್ಷಿತಾ ಅವರ ಬಳಿ ಹೋದಳು. ಈ ಸಲ ಮೊದಲ ದಿನವೇ ಎಲ್ಲರನ್ನೂ ಕೂರಿಸಿ, ನಡೆದದ್ದನ್ನೆಲ್ಲ ಹೇಳಿ, ಬೇಡವೆಂದವರು ಈಗಲೇ ಹೇಳಬಹುದು ಎಂದಳು. ಇಬ್ಬರು ಎದ್ದು ಹೋದರು. ಉಳಿದವರು 2025ರ ಬೇಸಿಗೆಯುದ್ದಕ್ಕೂ ಭಾನುವಾರಗಳಂದು ಒಂದು ಚರ್ಚಿನ ಸಭಾಂಗಣದಲ್ಲಿ ಅಭ್ಯಾಸ ಮಾಡಿದರು. ಕೆಲವರಿಗೆ ಸ್ವರಗಳು ಕೈಗೆ ಸಿಗುತ್ತಿರಲಿಲ್ಲ. ಅದಕ್ಕೂ ಅವಳು ರೇಗಿದಳು, ಆದರೆ ಒಬ್ಬರೂ ಬಿಟ್ಟು ಹೋಗಲಿಲ್ಲ.

ಪ್ರದರ್ಶನದ ಮಧ್ಯಾಹ್ನ ನಾನು ಶಂಕ್ರವ್ವನ ಪಕ್ಕ ಕುಳಿತಿದ್ದೆ. ಗುರುಬಸಪ್ಪ ಬರುವುದಿಲ್ಲ ಎಂದವರು ಬಂದಿದ್ದರು. ವಾದ್ಯಗಳ ಮುಂದೆ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದರು, ಅದೇ ವೇದಿಕೆ. ಕುಣಿಯುವವನು ಎಮಿಲಿಯೊ ಒಬ್ಬನೇ, ಉಳಿದ ಪಾತ್ರಗಳಿಗೆ ಬರೀ ಸಂಗೀತ. ಪಿಟೀಲುಗಳು ಒಂದೆರಡು ಕಡೆ ಎಡವಿದವು. ಪಂದ್ಯ ಮುಗಿಯಿತು, ಕೊನೆಯ ದೃಶ್ಯ ಶುರುವಾಯಿತು. ಎಮಿಲಿಯೊನ ಬೆನ್ನು ನಮಗೆ ಎದುರಾಗಿತ್ತು. ತಂತಿಗಳು ಕೆರೆಯುವ ಆ ಸದ್ದಿಗೆ ಅವನ ಬೆನ್ನ ಮೇಲಿನ ಒಂದೊಂದು ಸ್ನಾಯುವೂ ಸೆಟೆಯುತ್ತಿತ್ತು. ಒಂದೊಂದೇ ವಾದ್ಯ ನಿಂತಿತು. ರಕ್ಷಿತಾ ಓಬೋವನ್ನು ಮಡಿಲಿಗಿಟ್ಟು, ಜೊಂಡನ್ನು ಬಾಯಿಗೆ ತೆಗೆದುಕೊಂಡಳು.

ಆ ಕಿರುಚನ್ನು ನಾನು ವರ್ಣಿಸಲಾರೆ. ಗುರುಬಸಪ್ಪ ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದರು. ರಕ್ಷಿತಾ ಅದನ್ನು ನೋಡಿದಳು. ಉಸಿರು ಮುಗಿಯುವವರೆಗೂ ಊದುವುದನ್ನು ನಿಲ್ಲಿಸಲಿಲ್ಲ.

ಚಪ್ಪಾಳೆ ತಡವಾಗಿ ಬಂತು. ಅವಳು ನಮಸ್ಕರಿಸಿ ನೇರವಾಗಿ ಹೊರಗೆ ಹೋದಳು. ನಾವೂ ಹಿಂದೆಯೇ ಹೋದೆವು. ಗುರುಬಸಪ್ಪ ಕಾರಿಗೆ ಒರಗಿ ನಿಂತಿದ್ದರು.

“ಪೂರಾ ಕೇಳೂದಾದ್ರೂ ಕೇಳಬೇಕಿತ್ತಲ್ಲ ಅಪ್ಪಾಜಿ,” ಎಂದಳು.

“ಆಗಲಿಲ್ಲ ನನಗ.” ಅವರು ಅಂಗಿಯ ಮೇಲಿಂದಲೇ ಎದೆಯನ್ನು ತಿಕ್ಕಿಕೊಂಡರು. “ಆಪರೇಶನ್ ಮಾಡೂಮುಂದ ನನಗ ಎಚ್ಚರ ಇರಲಿಲ್ಲ. ಚರ್ಮ ಸುಲಿಯೂಮುಂದ ಅಂವಗ ಎಚ್ಚರ ಇತ್ತಲ್ಲ. ಅದು ತಲ್ಯಾಗ ಬಂತು. ಕೂಡಾಕ ಆಗಲಿಲ್ಲ.” ಕಾರಿನ ಬಾಗಿಲು ತೆಗೆಯುತ್ತ, “ಗೋಪಿನಾಥಗ ನಾ ಫೋನ್ ಮಾಡ್ತೀನಿ. ಆ ಸೀನ್ ತಗೀಬಾರದಾಗಿತ್ತು ಅಂತ ಹೇಳ್ತೀನಿ,” ಎಂದರು.

ಹೇಳಿದರು ಕೂಡ. ಗೋಪಿನಾಥ್ ಕೇಳಿಸಿಕೊಂಡರು, ಆದರೆ ಒಪ್ಪಲಿಲ್ಲ. ಇಬ್ಬರೂ ಈಗ ಸಂಘದಲ್ಲಿ ಸಿಕ್ಕರೆ ಆರೋಗ್ಯದ ಬಗ್ಗೆ ಮಾತ್ರ ಮಾತಾಡುತ್ತಾರೆ.

ಆ ಪ್ರದರ್ಶನಕ್ಕೆ ಬಂದಿದ್ದ ಒಬ್ಬ ನೃತ್ಯಶಿಕ್ಷಕಿ ಪೂರ್ತಿ ಬ್ಯಾಲೆಯನ್ನು ತಮ್ಮ ಕಾಲೇಜಿನಲ್ಲಿ ಮುಂದಿನ ವರ್ಷ ಆಡಿಸಲು ಕೇಳಿದರು. ಬಸೂನ್‌ಗೆ ಒಳ್ಳೆಯವರು ಬೇಕಿತ್ತು. ರಕ್ಷಿತಾ ಲೂಪೆಗೆ ಕರೆ ಮಾಡಿದಳು. ಒಂದೂವರೆ ವರ್ಷದಲ್ಲಿ ಮೊದಲ ಸಲ ಲೂಪೆ ಫೋನ್ ಎತ್ತಿದಳು. ಎತ್ತಿದವಳೇ ಬೈದಳು. ಆ ದಿನದ್ದು, ಆಮೇಲಿನ ತಿಂಗಳುಗಳದ್ದು, ಕಾರಿನ ಬಾಗಿಲು ಹಾಕಿಕೊಂಡು ಹೋದದ್ದು, ಎಲ್ಲವನ್ನೂ ಎತ್ತಿ ಬೈದಳು. ರಕ್ಷಿತಾ ಗ್ಯಾರೇಜಿನಲ್ಲಿ ನಿಂತು ಕೇಳಿಸಿಕೊಂಡಳು. ಒಂದೆರಡು ಕಡೆ ತಾನೂ ತಿರುಗಿ ಕೂಗಿದಳು. ಅವಳ ಕೂಗು ಬೀದಿಗೆ ಕೇಳಿಸುತ್ತಿತ್ತೆಂದು ಶಂಕ್ರವ್ವ ಹೇಳಿದರು.

“ಬರುತ್ತೇನೆ,” ಎಂದಳಂತೆ ಲೂಪೆ ಕೊನೆಗೆ. “ಆದರೆ ನಿನ್ನನ್ನು ಕ್ಷಮಿಸಿಲ್ಲ.”

“ಕ್ಷಮಿಸಬೇಡ,” ಎಂದಳಂತೆ ರಕ್ಷಿತಾ. “ಬಾ.”